ಆರು ತಿಂಗಳ ಮಾತು

ಸೆಪ್ಟೆಂಬರ್ 3, ಮಂಗಳವಾರ

ಬಂದಾಯಿತು. ಇನ್ನು ಬಂದದ್ದು ತಪ್ಪಾಯಿತೋ ಏನೋ ಎಂದು ಕೂತು ಯೋಚಿಸುವುದೊಂದೇ ಬಾಕಿ.

ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಕೆಳಗೆ ಮನೆಯ ಒಡತಿ, ಒಬ್ಬರೇ ಇರುವ ಅಜ್ಜಿ. ನಡುವಿನ ಹಲಗೆ ಎಷ್ಟು ತೆಳುವೆಂದರೆ ಅವರು ಕೆಮ್ಮಿದರೆ ನನಗೆ ನೀರು ಕುಡಿಯಬೇಕೆನಿಸುತ್ತದೆ. ಕಿಟಕಿಯ ಕೆಳಗೇ ರಸ್ತೆ. ನಮ್ಮೂರಲ್ಲಿ ಕಾರುಗಳು ಯಾವ ಪಕ್ಕ ಹೋಗುತ್ತವೋ ಇಲ್ಲಿ ಅದರ ಎದುರು ಪಕ್ಕ ಹೋಗುತ್ತವೆ. ಒಂದೊಂದು ಕಾರು ತಿರುವಿನಲ್ಲಿ ತಿರುಗಿದಾಗಲೂ ಎದೆ ಧಸಕ್ಕೆನ್ನುತ್ತದೆ, ಕಾಲು ತಾನಾಗಿ ನೆಲ ಒತ್ತುತ್ತದೆ. ಊರಲ್ಲಿ ಡ್ರೈವಿಂಗ್ ಶಾಲೆ ನಡೆಸಿದವನ ಕಾಲು ಇದು. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿಯೇ ಸವೆದದ್ದು. ಡಾಕ್ಟರು, ಪೊಲೀಸು, ಮದುವೆಗೆ ಮೊದಲು ಕಲಿಯಲೇಬೇಕೆಂದು ಹಟ ಹಿಡಿದ ಹುಡುಗಿಯರು, ಎಲ್ಲರೂ ನನ್ನ ಕೈ ಕೆಳಗೆ ಕಲಿತವರು. ರಸ್ತೆಗಿಳಿದರೆ "ಮೇಷ್ಟ್ರೇ" ಅನ್ನದ ಹಾರನ್ನೇ ಇರಲಿಲ್ಲ.

ಇಲ್ಲಿ ಕೆಲಸ ಸಿಕ್ಕಿರುವುದು ಹೆಂಡತಿಗೆ. ದೊಡ್ಡ ಆಸ್ಪತ್ರೆ, ಆಪರೇಷನ್ ಥಿಯೇಟರಿನ ನರ್ಸ್. ನಾನೂ ಮಗಳೂ ಸಾಮಾನಿನ ಜೊತೆ ಬಂದವರು. ಆಸ್ಪತ್ರೆಯವರು ಆರು ತಿಂಗಳು ಅವಳ ಕೆಲಸ ನೋಡುತ್ತಾರೆ, ಆಮೇಲೆ ಐದು ವರ್ಷದ ಕರಾರು. ಅಷ್ಟರಲ್ಲಿ ನಾವೂ ಈ ಊರಿನ ಒಳ್ಳೆಯದು ಕೆಟ್ಟದ್ದು ತೂಗಿ ನೋಡುವುದು. "ನಿಮಗೆ ಬೇಡ ಅನ್ನಿಸಿದ್ರೆ ಒಂದು ಮಾತೂ ಆಡ್ದೆ ವಾಪಸ್ ಬರ್ತೀನಿ ರೀ" ಎಂದಿದ್ದಾಳೆ. ಆ ಮಾತು ಒಂದಿಲ್ಲದಿದ್ದರೆ ನಾನು ವಿಮಾನದ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಲ್ಲಿಯವರೆಗೆ ಶಾಲೆಯನ್ನು ತಮ್ಮ ನೋಡಿಕೊಳ್ಳುತ್ತಾನೆ.

ಮಾತಾಡಲು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 5, ಗುರುವಾರ

ಅವಳು ಮೊದಲ ದಿನದ ಕೆಲಸಕ್ಕೆ ಹೋದಳು. ಮಗಳು ಶಾಲೆಗೆ ಹೋದಳು. ನಾನು ಬಾಗಿಲು ಹಾಕಿಕೊಂಡು, ಹಾಕಿದೆನೋ ಇಲ್ಲವೋ ಎಂದು ಎದ್ದು ಎದ್ದು ನೋಡಿದೆ. ಬ್ರೆಡ್ಡು ತರಲು ಹೊರಟವನು ಅಂಗಡಿಯ ಬಾಗಿಲ ತನಕ ಹೋಗಿ ವಾಪಸು ಬಂದೆ. ಒಳಗೆ ಜನ ಇದ್ದರು. ನನ್ನ ಸರದಿ ಬಂದಾಗ ಅಂಗಡಿಯವಳು ಏನಾದರೂ ಕೇಳಿಬಿಟ್ಟರೆ?

ಸಂಜೆ ಹೆಂಡತಿಯ ಮುಖ ಅರಳಿತ್ತು. "ಥಿಯೇಟರ್ ಎಷ್ಟು ದೊಡ್ಡದು ಗೊತ್ತಾ! ದೀಪಾನೇ ನಮ್ಮ ಅಡುಗೆಮನೆಯಷ್ಟಿದೆ. ಸರ್ಜನ್ ನನ್ನ ಹೆಸರು ಹಿಡಿದು ಮಾತಾಡಿಸಿದ್ರು. ನೀವೇನು ಮಾಡಿದ್ರಿ?"

"ಬ್ರೆಡ್ಡು ಮುಗಿದಿದೆ" ಎಂದೆ.

ಸೆಪ್ಟೆಂಬರ್ 14, ಶನಿವಾರ

ಇಲ್ಲಿಯ ಭಾಷೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದ ಹಾಗಿದೆ. ಬರುವ ಮೊದಲು ಮೂವರೂ ಪಾಠ ಹೇಳಿಸಿಕೊಂಡಿದ್ದೆವು. ಮಗಳಿಗೆ ಹತ್ತಿದೆ. ಹೆಂಡತಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ನನಗೆ ಮಾತ್ರ ಕಿವಿಯಲ್ಲಿ ಹತ್ತಿ.

ಇವತ್ತು ಬಸ್ಸಿನಲ್ಲಿ ಡ್ರೈವರನಿಗೆ ನಿಲ್ದಾಣದ ಹೆಸರು ಹೇಳಿದೆ. ಅವನಿಗೆ ತಿಳಿಯಲಿಲ್ಲ. ಮಗಳು ಮುಂದೆ ಬಂದು ಒಂದೇ ಸಲ ಹೇಳಿದಳು. ಅವನು ತಲೆಯಾಡಿಸಿದ. ಕೂತ ಮೇಲೆ ಅವಳು ಮೆಲ್ಲಗೆ "ಅಪ್ಪಾ, ನೀವು ಹೇಳಿದ್ದು ಸ್ಟಾಪಿನ ಹೆಸರಲ್ಲ, ಒಂದು ಬೈಗುಳ" ಎಂದಳು. ಹನ್ನೆರಡು ವರ್ಷದವಳು. ನಗು ತಡೆದುಕೊಂಡಿದ್ದಳು, ಪಾಪ.

ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ. ಬಸ್ಸಿನ ವಿಷಯಕ್ಕಲ್ಲ, ಹೀಟರಿನ ವಿಷಯಕ್ಕೆ. "ನೀನೇ ತಾನೇ ಬರಬೇಕು ಅಂದದ್ದು!" ಎಂಬಲ್ಲಿಗೆ ಮುಗಿಯಿತು. ಈಗೀಗ ಎಲ್ಲ ಮಾತೂ ಅಲ್ಲಿಗೇ ಮುಗಿಯುತ್ತಿದೆ.

ಅಕ್ಟೋಬರ್ 1, ಮಂಗಳವಾರ

ಅವಳ ಕೆಲಸ ಈಗ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಊರಲ್ಲಾಗಿದ್ದರೆ ಸರ್ಜನ್ ಬಿಟ್ಟಾಗ ಮನೆ. ಇಲ್ಲಿ ಐದಕ್ಕೆ ಬಾಗಿಲು ತೆಗೆದ ಸದ್ದು. ಈ ಊರಿನ ಪರವಾಗಿ ಒಂದು ಮಾತು ಹೇಳಲೇಬೇಕೆಂದರೆ ಇದನ್ನೇ ಹೇಳುತ್ತೇನೆ. ಉಳಿದದ್ದಕ್ಕೆಲ್ಲ ದೂರದ ಬೆಟ್ಟ ನುಣ್ಣಗೆ ಎಂದರೆ ಸಾಕು.

ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಹಳೇ ಕಾರಿನ ಕ್ಲಚ್ ಹೋಯ್ತು. ಎಲ್ಲರೂ ನಿನ್ನನ್ನೇ ಕೇಳ್ತಾರೆ. ಮೇಷ್ಟ್ರು ಯಾವಾಗ ಬರ್ತಾರೆ ಅಂತ." ಕೇಳಿ ಹೊಟ್ಟೆ ತಣ್ಣಗಾಯಿತು. ಫೋನ್ ಇಟ್ಟ ಮೇಲೆ ಇನ್ನೊಂದು ಯೋಚನೆ ಬಂತು. ಆರು ತಿಂಗಳಲ್ಲಿ ಮರೆತುಬಿಟ್ಟರೆ?

ಅಕ್ಟೋಬರ್ 9, ಬುಧವಾರ

ಹೆಂಡತಿಯ ಕೈ ಒಡೆದಿದೆ. ಬೆರಳ ಸಂದಿಯಲ್ಲೆಲ್ಲ ಕೆಂಪು ಗೆರೆ. "ಚಳಿಗೆ ರೀ" ಎಂದಳು. ಔಷಧಿ ಅಂಗಡಿಗೆ ಒಬ್ಬನೇ ಹೋಗಿ, ನನ್ನ ಕೈಯನ್ನೇ ತೋರಿಸಿ, ಮುಖ ಕಿವುಚಿ ನಟನೆ ಮಾಡಿ ಮುಲಾಮು ತಂದೆ. ಅಂಗಡಿಯವನು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಏನೂ ಆಗಿಲ್ಲವಲ್ಲ ಎಂದು ಗಾಬರಿಯಾದ. ಹೆಂಡತಿಗೆ ಎಂದು ಹೇಳುವ ಪದ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ.

ನಾಳೆ ಡ್ರೈವಿಂಗ್ ಪರೀಕ್ಷೆಗೆ ಹೆಸರು ಕೊಡಬೇಕು. ಊರಿನ ಲೈಸೆನ್ಸು ಇಲ್ಲಿ ನಡೆಯುವುದಿಲ್ಲವಂತೆ. ಹೆಸರು ಕೊಡುವುದು ನಾಚಿಕೆಗೇಡು, ಕೊಡದೆ ಮನೆಯಲ್ಲಿ ಕೂರುವುದು ಅದಕ್ಕಿಂತ ನಾಚಿಕೆಗೇಡು.

ನವೆಂಬರ್ 4, ಸೋಮವಾರ

ಫೇಲು.

ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಬಾಗಿಲು ತೆಗೆದ ಮಗಳು ಮುಖ ನೋಡಿಯೇ "ಅಯ್ಯೋ ಅಪ್ಪಾ" ಎಂದಳು.

ಪರೀಕ್ಷಕ ನೀಲಿ ಟೈ ಕಟ್ಟಿದ ತೆಳ್ಳನೆಯ ಆಸಾಮಿ. ಪಕ್ಕದಲ್ಲಿ ಕೂತ. ಅದೇ ಮೊದಲು ಎಡವಟ್ಟಾಯಿತು: ಪಕ್ಕದ ಸೀಟು ನನ್ನದು, ಅಲ್ಲಿ ಕೂರುವವನು ನಾನು. ಮೊದಲ ತಿರುವಿನಲ್ಲೇ ಕಾರು ನಮ್ಮೂರಿನ ಪಕ್ಕಕ್ಕೆ ಹೋಯಿತು. ಎದುರಿಗೆ ಬಂದ ಲಾರಿಯವನು ಹೊಡೆದ ಹಾರನ್ನು ಇನ್ನೂ ಕಿವಿಯಲ್ಲಿದೆ. ಸಾಲದ್ದಕ್ಕೆ, ಗಾಬರಿಯಲ್ಲಿ ಕಿಟಕಿ ಇಳಿಸಿ ಕೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟೆ. ನೀಲಿ ಟೈ ನನ್ನ ಕೈಯನ್ನೇ ನೋಡಿದ. ಯಾರಿಗೆ ಟಾಟಾ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು.

ಹೆಂಡತಿ "ಇನ್ನೊಂದು ಸಲ ಕೊಟ್ರಾಯ್ತು ಬಿಡಿ" ಎಂದಳು. ಅಷ್ಟೇ. ಮೊದಲಾಗಿದ್ದರೆ ಒಂದು ವಾರ ರೇಗಿಸುತ್ತಿದ್ದಳು.

ನವೆಂಬರ್ 16, ಶನಿವಾರ

ಕೆಳಗಿನ ಅಜ್ಜಿ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. ಮಗಳು ಅವರ ಬಳಿ ನನ್ನ ಕಥೆಯನ್ನೆಲ್ಲ ಊದಿದ್ದಾಳೆ. ಕಾರು ಕಲಿಸುವ ಮೇಷ್ಟ್ರು ಎಂದಷ್ಟೇ ಅಲ್ಲ, ಫೇಲಾದದ್ದನ್ನೂ!

ಅಜ್ಜಿ ನಿಧಾನಕ್ಕೆ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಾರೆ. ಹಾಗಾಗಿ ಅವರೊಬ್ಬರ ಮಾತು ನನಗೆ ಅರ್ಥವಾಗುತ್ತದೆ. ಅವರ ಶೆಡ್ಡಿನಲ್ಲಿ ಒಂದು ಕಾರಿದೆ. ಗಂಡ ತೀರಿಕೊಂಡ ವರ್ಷ ಗೇಟಿನ ಕಂಬಕ್ಕೆ ಗುದ್ದಿದರಂತೆ, ಅಂದಿನಿಂದ ಮುಟ್ಟಿಲ್ಲ. ಲೈಸೆನ್ಸು ಇದೆ, ಧೈರ್ಯ ಇಲ್ಲ. ನದಿಯ ಆಚೆ ವೃದ್ಧರ ಮನೆಯಲ್ಲಿ ಅವರ ತಂಗಿ ಇದ್ದಾರೆ. ಬಸ್ಸು ಬದಲಾಯಿಸಿ ಹೋಗಲು ಮಂಡಿ ಬಿಡುವುದಿಲ್ಲ.

"ನೀವು ಏನೂ ಮಾಡಬೇಡಿ ಮೇಷ್ಟ್ರೇ. ಸುಮ್ಮನೆ ಪಕ್ಕ ಕೂತ್ಕೊಳ್ಳಿ" ಎಂದರು.

ಆಗುವುದಿಲ್ಲ ಎನ್ನಲು ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಕೀಲಿಕೈ ತಂದಾಗಿತ್ತು.

ನವೆಂಬರ್ 27, ಬುಧವಾರ

ಇವತ್ತು ಮಗಳ ಶಾಲೆಯ ಸುತ್ತ ಎರಡು ಸುತ್ತು. ಅಜ್ಜಿ ಸ್ಟೀರಿಂಗನ್ನು ಬೆಕ್ಕಿನ ಕತ್ತು ಹಿಡಿದ ಹಾಗೆ ಹಿಡಿಯುತ್ತಾರೆ. ಸಡಿಲ ಬಿಡಿ, ಅದು ಎಲ್ಲೂ ಓಡಿ ಹೋಗುವುದಿಲ್ಲ ಎಂದೆ. ಅವರು ನಕ್ಕರು. ಅಂದರೆ ನಾನು ಹೇಳಿದ್ದು ಅವರಿಗೆ ತಿಳಿದಿದೆ! ಕನ್ನಡಿ ನೋಡಿ, ಹೆಗಲು ಇಳಿಸಿ, ಈಗ ಹೋಗಿ, ಈಗ ಬೇಡ, ಆತುರ ಯಾಕೆ: ಕಾರಿನೊಳಗೆ ಬೇಕಾದ ಮಾತಷ್ಟೂ ಬಾಯಿಗೆ ಬಂದುಬಿಟ್ಟಿದೆ. ಕಾರಿನಿಂದ ಇಳಿದರೆ ಮತ್ತೆ ಮೂಗ.

ನಮ್ಮ ರಸ್ತೆಯ ಕೊನೆಗೆ ಒಂದು ಕುರುಡು ತಿರುವಿದೆ. ಅಲ್ಲಿ ಬ್ರೆಡ್ಡಿನ ಅಂಗಡಿಯವಳ ಸೈಕಲ್ಲು ಯಾವಾಗಲೂ ಅಡ್ಡ. ಇವತ್ತು ಅವಳಿಗೆ ಹೇಳಿ ತೆಗೆಸಿದೆ.

ಹೆಂಡತಿ ಬಂದವಳೇ ಬಚ್ಚಲು ಸೇರಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಬಹಳ ಹೊತ್ತು. ಇಲ್ಲಿ ನೀರು ಧಾರಾಳ, ನಿಜ. ಆದರೂ.

ಡಿಸೆಂಬರ್ 10, ಮಂಗಳವಾರ

ಬರೆಯಲೋ ಬೇಡವೋ.

ಅಜ್ಜಿ ಇವತ್ತು ಸೇತುವೆ ದಾಟಿದರು. ತಂಗಿ ಇರುವ ವೃದ್ಧರ ಮನೆಯ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ನಾನು ಹೊರಗೆ ಬಂದು ನಿಂತೆ. ವಾಪಸು ಬರುವಾಗ ಮಳೆ. ಆಸ್ಪತ್ರೆ ದಾರಿಯಲ್ಲೇ ಸಿಗುತ್ತದೆ, ಹೆಂಡತಿ ಬಿಡುವ ಹೊತ್ತು, ಕರೆದುಕೊಂಡೇ ಹೋಗೋಣ ಎಂದೆ. ಅವಳ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುವ ಆಸೆಯೂ ಇತ್ತು.

ಥಿಯೇಟರಿನ ಮಹಡಿಗೆ ಹೋಗಿ ಅವಳ ಹೆಸರು ಹೇಳಿದೆ. ಮೇಜಿನ ಹಿಂದಿನ ಹುಡುಗಿ ಹುಡುಕಿ, ತಲೆಯಾಡಿಸಿ, ಬೆರಳನ್ನು ಕೆಳಕ್ಕೆ ತೋರಿಸಿದಳು. ಇಲ್ಲ, ಇಲ್ಲ, ಥಿಯೇಟರ್ ನರ್ಸ್ ಎಂದೆ. ಅವಳು ಮತ್ತೆ ಕೆಳಕ್ಕೆ ತೋರಿಸಿದಳು. ನೆಲಮಾಳಿಗೆ.

ಅಲ್ಲಿ ಗಾಜಿನ ಕಿಂಡಿಯಿರುವ ಬಾಗಿಲು. ಒಳಗೆಲ್ಲ ಹಬೆ. ದಪ್ಪ ರಬ್ಬರಿನ ಏಪ್ರನ್ ಹಾಕಿಕೊಂಡು, ಮುಖಕ್ಕೆ ಪ್ಲಾಸ್ಟಿಕ್ ಗುರಾಣಿ ಇಟ್ಟುಕೊಂಡು ನನ್ನ ಹೆಂಡತಿ ನಿಂತಿದ್ದಳು. ಮುಂದೆ ತೊಟ್ಟಿ. ರಕ್ತ ಹತ್ತಿದ ಕತ್ತರಿ ಚಿಮಟಗಳನ್ನು ಒಂದೊಂದಾಗಿ ಬ್ರಷ್ಷಿನಿಂದ ಉಜ್ಜಿ ಪಕ್ಕಕ್ಕೆ ಇಡುತ್ತಿದ್ದಳು. ಊರಲ್ಲಿ ಸರ್ಜನ್ನು ತಲೆಯೆತ್ತದೆ ಕೈ ಚಾಚುತ್ತಿದ್ದರು, ಕೇಳುವ ಮೊದಲೇ ಇವಳು ಬೇಕಾದ್ದನ್ನು ಆ ಕೈಯಲ್ಲಿಡುತ್ತಿದ್ದಳು. ಹೊಸ ಡಾಕ್ಟರುಗಳು ಇವಳಿಗೆ ಹೆದರುತ್ತಿದ್ದರು.

ಬಾಗಿಲು ತಟ್ಟಲಿಲ್ಲ. ಕಾರಿಗೆ ಬಂದು, ಅವಳು ಆಗಲೇ ಹೊರಟುಹೋಗಿದ್ದಾಳೆ ಎಂದು ಅಜ್ಜಿಗೆ ಸುಳ್ಳು ಹೇಳಿದೆ.

ಅವಳು ಬಸ್ಸಿಳಿದು ನೆನೆದುಕೊಂಡು ಬಂದಳು. "ಥಿಯೇಟರಲ್ಲಿ ಇವತ್ತು ಜಾಸ್ತಿ ಕೆಲಸಾನಾ?" ಎಂದೆ.

"ಹ್ಞೂಂ. ಒಂದಾದ ಮೇಲೊಂದು" ಎಂದಳು.

ಡಿಸೆಂಬರ್ 12, ಗುರುವಾರ

ಕೇಳಲಾ? ಕೇಳಿದರೆ ಏನೆಂದು ಕೇಳುವುದು?

ಡಿಸೆಂಬರ್ 13, ಶುಕ್ರವಾರ

ಯಾಕೆ ಹೇಳಲಿಲ್ಲ ಎಂದು ಮೂರು ದಿನದಿಂದ ಕೋಪ. ಇವತ್ತು ಪಾತ್ರೆ ತೊಳೆಯುತ್ತಿದ್ದಾಗ ಉತ್ತರ ಹೊಳೆಯಿತು, ಕೈಯಲ್ಲಿದ್ದ ಲೋಟ ಜಾರಿತು. ಹೇಳುವುದು ಯಾರಿಗೆ? ಹೀಟರ್ ಕೆಟ್ಟರೂ ನೀನೇ, ಬಸ್ಸು ತಪ್ಪಿದರೂ ನೀನೇ ಅನ್ನುವವನಿಗೆ?

ಅವಳು ಬರುವ ಮೊದಲು ಚೂರುಗಳನ್ನೆಲ್ಲ ಗುಡಿಸಿದೆ. ಅವಳ ಒಡೆದ ಕೈಗೆ ಗಾಜು ಬೇರೆ ಬೇಡ.

ಡಿಸೆಂಬರ್ 19, ಗುರುವಾರ

ತಮ್ಮನ ಫೋನ್. ಅವನಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸವೊಂದು ಸಿಗುವ ಹಾಗಿದೆ. "ನೀನು ಬರೋದಾದ್ರೆ ನಾನು ಹೋಗ್ತೀನಿ ಅಣ್ಣಾ. ಬರಲ್ಲ ಅಂದ್ರೆ ಶಾಲೆ ನಾನೇ ನಡೆಸ್ತೀನಿ. ಯಾವುದಾದ್ರೂ ಸರಿ, ಫೆಬ್ರವರಿಯೊಳಗೆ ಒಂದು ಮಾತು ಹೇಳು."

"ಬರ್ತೀವಿ ಕಣೋ, ಬರದೆ ಏನು" ಎಂದೆ. ಅತ್ತ ದರಿ ಇತ್ತ ಪುಲಿ. ಬರುತ್ತೇವೆಂದು ಹೆಂಡತಿಗೆ ಹೇಳಿದರೆ ಅವಳು ಉಸಿರು ಬಿಟ್ಟು ನಿರಾಳವಾಗುತ್ತಾಳೋ, ಸೋತೆನೆಂದು ಕುಸಿಯುತ್ತಾಳೋ ಗೊತ್ತಿಲ್ಲ.

ಅಜ್ಜಿಯ ತಂಗಿ ಇರುವ ವೃದ್ಧರ ಮನೆಯಲ್ಲಿ ಇನ್ನೊಬ್ಬರು ಅಜ್ಜಿ ಇದ್ದಾರಂತೆ. ತಮ್ಮ ಪಕ್ಕದಲ್ಲೂ ಕೂರಲು ಮೇಷ್ಟ್ರು ಯಾವಾಗ ಬಿಡುವಾಗಿರುತ್ತಾರೆ ಎಂದು ಅವರು ಕೇಳಿದ್ದಾರಂತೆ. ಹೀಗೆ ನನಗೆ ಅಜ್ಜಿಯರ ಸಂತೆ ನೆರೆಯುವ ಲಕ್ಷಣ ಇದೆ. ನಾಳೆಯೇ ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಜನವರಿ 8, ಬುಧವಾರ

ಮತ್ತೆ ಫೇಲು. ಈ ಸಲ ಪಕ್ಕ ತಪ್ಪಲಿಲ್ಲ, ಕೈ ಹೊರಗೆ ಹಾಕಲಿಲ್ಲ. ಅತಿಯಾದ ಹಿಂಜರಿಕೆ ಎಂದು ನೀಲಿ ಟೈ ಬರೆದ. ವೃತ್ತದಲ್ಲಿ ನುಗ್ಗಲು ಜಾಗ ಇದ್ದರೂ ನುಗ್ಗಲಿಲ್ಲವಂತೆ. ಹಿಂದೆ ಕಾರುಗಳ ಜಾತ್ರೆ. ಅನುಮಾನ ಬಂದರೆ ಬ್ರೇಕ್ ಎಂದು ಜೀವಮಾನವೆಲ್ಲ ಹೇಳಿಕೊಟ್ಟವನು, ಅನುಮಾನ ಬಿಟ್ಟು ಬೇರೇನೂ ಇಲ್ಲದ ಊರಿಗೆ ಬಂದರೆ ಇನ್ನೇನಾಗುತ್ತದೆ!

ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಹೆಂಡತಿ ಬಂದು ಚೀಲ ಇಡುವ ಮೊದಲೇ ಹೇಳಿದೆ. "ಎರಡನೇ ಸಲಾನೂ ಹೋಯ್ತು ಕಣೆ. ಊರಿಗೆಲ್ಲ ಕಲಿಸಿದವನನ್ನ ಒಬ್ಬ ನೀಲಿ ಟೈ ಎರಡು ಸಲ ಕೆಳಗಿಳಿಸಿದ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ನಗುತ್ತ ನಗುತ್ತ ಅಲ್ಲೇ ಬಾಗಿಲ ಬಳಿ ಚಪ್ಪಲಿಗಳ ನಡುವೆ ಕೂತು ಅಳತೊಡಗಿದಳು.

"ನನ್ನನ್ನೂ ಇಳಿಸಿದಾರೆ ರೀ. ಸೆಪ್ಟೆಂಬರಲ್ಲೇ."

ನಾನೂ ನೆಲದ ಮೇಲೆ ಕೂತೆ. ಅವಳು ಹೇಳಿದಳು. ಥಿಯೇಟರಲ್ಲಿ ಎಲ್ಲರ ಬಾಯಿಗೂ ಮಾಸ್ಕು. "ತುಟಿ ಕಾಣದಿದ್ರೆ ನನಗೆ ಈ ಭಾಷೆ ಕೇಳಿಸೋದೇ ಇಲ್ಲ. ಅದು ನನಗೂ ಗೊತ್ತಿರಲಿಲ್ಲ." ಸರ್ಜನ್ ಒಂದು ಕೇಳಿದರು, ಇವಳು ಇನ್ನೊಂದು ಕೊಟ್ಟಳು. ರೋಗಿಗೆ ಏನೂ ಆಗಲಿಲ್ಲ, ಅವರು ತಕ್ಷಣ ಪಕ್ಕಕ್ಕಿಟ್ಟರು. ಆದರೆ ಆಮೇಲೆ ಪ್ರತಿ ಮಾತನ್ನೂ ಎರಡೆರಡು ಸಲ ಕೇಳುವ ಹೆದರಿಕೆ. ಒಂದು ದಿನ ಅವರು ರೇಗಿದರು. ಹಿರಿಯ ಸಿಸ್ಟರ್ ಕರೆದು, ಕಿವಿ ಪಳಗುವ ತನಕ ಕೆಳಗೆ ಉಪಕರಣ ತೊಳೆಯುವಲ್ಲಿ ಇರು ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಫೆಬ್ರವರಿ ಮೊದಲ ವಾರ ಇನ್ನೊಂದು ಪರೀಕ್ಷೆ, ಅಣಕು ಆಪರೇಷನ್. ಅದರಲ್ಲಿ ನಿಂತರೆ ಥಿಯೇಟರು. ಇಲ್ಲದಿದ್ದರೆ ಕರಾರು ಇಲ್ಲ.

"ನಿಮಗೆ ಹೇಗೆ ಹೇಳ್ಲಿ? ಎಳ್ಕೊಂಡು ಬಂದವಳೇ ನಾನು."

ನನಗೆ ಗೊತ್ತಿತ್ತು ಎಂದೆ. ಕಿಂಡಿಯಿಂದ ನೋಡಿದ್ದು, ತಟ್ಟದೆ ಬಂದದ್ದು, ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ತೋಳಿಗೆ ತಲೆ ಆನಿಸಿ "ಏಪ್ರನ್ ಹಾಕ್ಕೊಂಡು ಹೇಗೆ ಕಾಣ್ತಿದ್ದೆ?" ಎಂದಳು.

"ಮೀನಿನ ಅಂಗಡಿಯವಳ ಹಾಗೆ" ಎಂದೆ. ಒಂದು ಗುದ್ದು ಬಿತ್ತು. ಜೋರಾಗಿಯೇ ಬಿತ್ತು.

ಜನವರಿ 11, ಶನಿವಾರ

"ಪರೀಕ್ಷೆಗೆ ಕೂರಲ್ಲ. ಹೋಗೋಣ ಊರಿಗೆ" ಎನ್ನುತ್ತಿದ್ದಾಳೆ.

ಹೋಗೋಣ. ಆದರೆ ಕೂತು ಹೋಗೋಣ ಎಂದೆ. ನನ್ನ ಹತ್ತಿರ ಕಲಿತ ಎಷ್ಟೋ ಜನ ಪರೀಕ್ಷೆಯ ಹಿಂದಿನ ದಿನ ಹೀಗೇ ಹೊಟ್ಟೆನೋವೆಂದು ಮಲಗುತ್ತಿದ್ದರು. ಅವರನ್ನು ಹೊಗಳಿಯೂ ಎಬ್ಬಿಸಲಾಗುವುದಿಲ್ಲ, ಗದರಿಯೂ ಎಬ್ಬಿಸಲಾಗುವುದಿಲ್ಲ. ಕಾರಿನಲ್ಲಿ ಕೂರಿಸಿ, ಅದೇ ತಿರುವನ್ನು ಮತ್ತೆ ಮತ್ತೆ ತಿರುಗಿಸಬೇಕು. ಅಷ್ಟೇ ಔಷಧಿ.

ಮಗಳ ಜೊತೆ ಕೆಳಗೆ ಹೋಗಿ ಅಜ್ಜಿಗೆ ವಿಷಯ ಹೇಳಿದೆ. ಹೇಳಿ ಮುಗಿಸಿದ ಮೇಲೆ ಮಗಳು "ಅಪ್ಪಾ, ಪದ ಕೇಳೋಕೆ ಒಂದು ಸಲಾನೂ ನನ್ನ ಕಡೆ ತಿರುಗಲೇ ಇಲ್ಲ ನೀವು" ಎಂದಳು. ಅವಳು ಹೇಳಿದ ಮೇಲೇ ನನಗೂ ಹೊಳೆದದ್ದು.

ಜನವರಿ 19, ಭಾನುವಾರ

ನಮ್ಮ ಅಡುಗೆಮನೆಯೇ ಥಿಯೇಟರು. ಮೇಜಿನ ಮೇಲೆ ಒಂದು ದಿಂಬು, ಅದು ರೋಗಿ. ಅಜ್ಜಿ ಮೂಗಿನ ತನಕ ಶಾಲು ಸುತ್ತಿಕೊಂಡು ಸರ್ಜನ್. ಹೆಂಡತಿ ಬರೆದುಕೊಟ್ಟ ಉಪಕರಣಗಳ ಹೆಸರನ್ನು ಶಾಲಿನೊಳಗಿಂದ ಗೊಣಗುತ್ತಾರೆ. ಇಕ್ಕಳ, ಸೌಟು, ಜರಡಿ, ಮಗಳ ಜಡೆಪಿನ್ನು, ಒಂದೊಂದಕ್ಕೂ ಒಂದೊಂದು ಉಪಕರಣದ ಹೆಸರು. ಕೇಳಿದ್ದನ್ನು ಹೆಂಡತಿ ಕೈಗಿಡಬೇಕು. ಮಗಳು ನಲ್ಲಿ ಬಿಟ್ಟು, ಕುರ್ಚಿ ಎಳೆದು ಗಲಾಟೆ ಮಾಡುತ್ತಾಳೆ. ಥಿಯೇಟರಿನಲ್ಲಿ ಸದ್ದು ಇರುತ್ತದಲ್ಲ.

ಮೊದಲ ದಿನಗಳಲ್ಲಿ ಇಕ್ಕಳ ಕೇಳಿದರೆ ಸೌಟು ಬರುತ್ತಿತ್ತು. ಅವಳ ಹಣೆಯಲ್ಲಿ ಬೆವರು. ನಾನು ಪಕ್ಕದಲ್ಲಿ ನಿಂತು ಬಾಯಿ ಬಿಗಿಹಿಡಿದಿದ್ದೆ. ಸರಿಯಾದದ್ದನ್ನು ಕಣ್ಣಿನಲ್ಲೂ ತೋರಿಸಬಾರದು. ಕಾಲು ಮಾತ್ರ ಮೇಜಿನ ಕೆಳಗೆ ನೆಲ ಒತ್ತುತ್ತಲೇ ಇತ್ತು.

ಇವತ್ತು ಅಜ್ಜಿ ಬೇಕೆಂದೇ ವೇಗ ಹೆಚ್ಚಿಸಿದರು. ನಡುವೆ ಕೆಮ್ಮಿದರು. ಹೆಂಡತಿ ತಪ್ಪಲಿಲ್ಲ. ಕೊನೆಗೆ ಏನೋ ಹೊಸ ಹೆಸರು ಕೂಗಿದರು. ಹೆಂಡತಿ ಕೈ ತಡೆದು, ಸೊಂಟಕ್ಕೆ ಕೈಯಿಟ್ಟು, "ಅಂಥ ಉಪಕರಣವೇ ಇಲ್ಲ" ಎಂದಳು, ಅವರ ಭಾಷೆಯಲ್ಲೇ, ಊರಿನಲ್ಲಿ ಹೊಸ ಡಾಕ್ಟರುಗಳನ್ನು ಗದರುತ್ತಿದ್ದ ದನಿಯಲ್ಲಿ. ಅಜ್ಜಿ ಶಾಲು ಕೆಳಗಿಳಿಸಿ, ಅದು ನನ್ನ ನಾಯಿಯ ಹೆಸರು, ಸತ್ತು ಬಹಳ ದಿನ ಆಯಿತು ಎಂದರು.

ಫೆಬ್ರವರಿ 6, ಗುರುವಾರ

ಇವತ್ತು ಅವಳ ಪರೀಕ್ಷೆ. ಅವಳು ಹೋದದ್ದು ಎಂಟಕ್ಕೆ. ಅಡುಗೆಮನೆ ಮೂರು ಸಲ ಒರೆಸಿದೆ. ಅವಳು ತಪ್ಪಿದರೆ ಊರಿಗೆ ಹೋಗುತ್ತೇವೆ. ಗೆದ್ದರೆ ಉಳಿಯುತ್ತೇವೆ. ಯಾವುದಕ್ಕೆ ಹೆದರುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿಲ್ಲ.

ಸಂಜೆ ಸೇರಿಸಿದ್ದು: ಗೆದ್ದಳು. ಬಾಗಿಲಲ್ಲಿ ನಿಂತು "ಒಳಗೆ ಕರ್ಕೊಂಡ್ರು" ಎಂದಳು. ಮಗಳು ಕುಣಿದಳು. ಅಜ್ಜಿ ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟಿ ಸಂತೋಷ ತಿಳಿಸಿದರು.

ಫೆಬ್ರವರಿ 8, ಶನಿವಾರ

ಊಟ ಮಾಡುತ್ತಿದ್ದಾಗ ಹೆಂಡತಿ ನೀರಿನ ಲೋಟ ಕೆಳಗಿಟ್ಟು ಹೇಳಿದಳು. "ಇನ್ನು ಹೋಗೋಣ ರೀ ಊರಿಗೆ. ತೊಳೆಯೋಳಾಗಿ ಹೋಗೋಕೆ ಮನಸ್ಸಿರಲಿಲ್ಲ. ಈಗ ತಲೆ ಎತ್ಕೊಂಡು ಹೋಗಬಹುದು. ನಿಮ್ಮ ಶಾಲೆ, ನಿಮ್ಮ ಜನ. ನಿಮಗೂ ಸಾಕಾಗಿದೆ."

ಆ ಮಾತಿಗಾಗಿ ಸೆಪ್ಟೆಂಬರಿನಿಂದ ಕಾದಿದ್ದವನು ನಾನು. ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ.

"ನೋಡೋಣ" ಎಂದೆ. ಅವಳು ವಿಚಿತ್ರವಾಗಿ ನೋಡಿದಳು.

ಫೆಬ್ರವರಿ 9, ಭಾನುವಾರ

ತೂಗಿ ನೋಡೋಣವೆಂದು ಕೂತೆ. ಊರಿನ ತಟ್ಟೆ ಭಾರವೇ. ಅಲ್ಲಿ ನನಗೆ ಹೆಸರಿದೆ, ಭಾಷೆ ಇದೆ, ನಕ್ಕರೆ ಯಾಕೆ ನಕ್ಕೆನೆಂದು ತಿಳಿಯುವ ಜನ ಇದ್ದಾರೆ. ಈ ಕಡೆ ಏನಿದೆ? ಚಳಿ, ಎರಡು ಸಲ ಫೇಲು, ಮೂರು ಜನ ಅಜ್ಜಿಯರು. ಯಾರನ್ನು ಕೇಳಿದರೂ ಹೊರಡು ಎನ್ನುತ್ತಾರೆ.

ಮಗಳನ್ನು ಕೇಳಿದೆ. "ಇಲ್ಲೂ ಇರ್ತೀನಿ, ಅಲ್ಲೂ ಇರ್ತೀನಿ. ನೀವು ಎಲ್ಲಾ ತಪ್ಪೂ ಅಮ್ಮನ ಮೇಲೆ ಹಾಕೋದು ನಿಲ್ಸಿದ್ರೆ ಸಾಕು" ಎಂದಳು. ಕಡ್ಡಿ ಮುರಿದ ಹಾಗೆ.

ಮಧ್ಯಾಹ್ನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ನಾನೂ ಒಂದು ಚಾದರದ ತುದಿ ಹಿಡಿದುಕೊಂಡೆ. ಎರಡನೆಯ ಮಡಿಕೆ ಹಾಕುವಾಗ ಹೇಳಿಬಿಟ್ಟೆ.

"ಇರೋಣ."

"ಯಾಕೆ? ನನಗೋಸ್ಕರ ಅನ್ಬೇಡಿ."

"ನಿನಗೋಸ್ಕರ ಅಲ್ಲ. ನನಗೆ."

ಅವಳು ಚಾದರ ಬಿಟ್ಟಳು. "ನಿಮಗೆ? ಇಲ್ಲಿ ನಿಮಗೆ ಏನಿದೆ?"

"ಗೊತ್ತಿಲ್ಲ ಕಣೆ. ಬೆಳಿಗ್ಗೆ ಎದ್ರೆ ಇವತ್ತು ಏನು ಎಡವಟ್ಟಾಗತ್ತೋ ಅಂತ ಹೆದರಿಕೆ. ಆದ್ರೆ ಏಳಬೇಕು ಅನ್ನಿಸತ್ತೆ. ಊರಲ್ಲಿ ಹೆದರಿಕೆ ಇರಲಿಲ್ಲ. ಏಳಬೇಕು ಅಂತಾನೂ ಅನ್ನಿಸ್ತಿರಲಿಲ್ಲ, ಎದ್ದುಬಿಡ್ತಿದ್ದೆ ಅಷ್ಟೇ."

ಅವಳು ಒಂದು ದಿಂಬಿನ ಚೀಲ ತೆಗೆದು ಮಡಿಸಿದಳು. ಆಮೇಲೆ "ನನಗೆ ಇಷ್ಟ ಇಲ್ಲ ಅಂದ್ರೆ?" ಎಂದಳು.

"ಹೋಗೋಣ. ಆಮೇಲೆ ಒಂದು ಮಾತೂ ಆಡಲ್ಲ."

"ಆಡ್ತೀರಿ" ಎಂದಳು. "ಅಂಥ ಮನುಷ್ಯರೇ ನೀವು." ಚಾದರದ ತುದಿ ಮತ್ತೆ ಕೈಗೆತ್ತಿಕೊಂಡಳು. "ಐದು ವರ್ಷಕ್ಕೆ ಸಹಿ ಹಾಕಲ್ಲ ರೀ. ಆ ಹಬೆ ಇನ್ನೂ ಮೂಗಲ್ಲಿದೆ ನನಗೆ. ಒಂದು ವರ್ಷಕ್ಕೆ ಕೊಡ್ತಾರಾ ಕೇಳ್ತೀನಿ. ಕೊಟ್ರೆ ಇರೋಣ. ಈ ಸಲ ಕರೆದದ್ದು ನೀವು, ನೆನಪಿರಲಿ."

ಫೆಬ್ರವರಿ 17, ಸೋಮವಾರ

ಒಂದು ವರ್ಷಕ್ಕೆ ಕೊಟ್ಟರು. ಸಹಿ ಹಾಕಿ ಬಂದಳು. ಮುಖದಲ್ಲಿ ಸಂತೋಷವೂ ಇಲ್ಲ, ಬೇಸರವೂ ಇಲ್ಲ, ದಣಿವು. ನಾಳೆಯಿಂದ ಥಿಯೇಟರು. ನನ್ನ ಮೂರನೆಯ ಪರೀಕ್ಷೆ ಮುಂದಿನ ವಾರ.

ತಮ್ಮನಿಗೆ ಫೋನ್ ಮಾಡಿದೆ. ಶಾಲೆ ಇನ್ನು ನಿನ್ನದು, ಬೋರ್ಡಿನ ಮೇಲೆ ನಿನ್ನ ಹೆಸರೇ ಬರೆಸಿಕೋ ಎಂದೆ. ಅವನು ದನಿ ತಗ್ಗಿಸಿ, ನನ್ನ ಪಕ್ಕದಲ್ಲಿ ಹೆಂಡತಿ ಇರಬಹುದೆಂದೋ ಏನೋ, ಮೆಲ್ಲಗೆ ಕೇಳಿದ.

"ಅಣ್ಣಾ, ನಿಜ ಹೇಳು. ಅತ್ತಿಗೆ ಬಲವಂತ ಮಾಡಿದ್ರಾ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು! ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಇಲ್ಲ ಕಣೋ" ಎಂದೆ. "ಅವಳು ಹೊರಟಿದ್ದಳು. ಬಲವಂತ ಮಾಡಿದ್ದು ನಾನು."

ಫೋನ್ ಇಟ್ಟು ಹೀಟರಿನ ಪಕ್ಕ ಕೂತೆ. ಇನ್ನು ಏನು ಕೆಟ್ಟರೂ ಬೈಯಲು ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇಲ್ಲ.